ಬೇಸ್ ಗಿಟಾರಿನ ತಪ್ಪು ಸ್ಪೀಕರಿನದಲ್ಲ

ಮಾನ್ಯ ಸಂಪಾದಕರೇ,

ಗಣೇಶ ಹಬ್ಬ ಹತ್ತಿರವಾದಂತೆ ಬೆಳಗಾವಿಯ ಗಲ್ಲಿಗಲ್ಲಿಗಳಲ್ಲಿ ರಸಮಂಜರಿಯ ಬುಕಿಂಗ್ ನಡೆದಿದೆ. ಶಹಾಪುರ, ವಡಗಾವಿ, ಟಿಳಕವಾಡಿ ಎನ್ನದೆ ಬಹಳ ಕಡೆ ಒಂದೇ ಕೊರತೆ: ಬೇಸ್ ಗಿಟಾರು ಎದೆಗೆ ಗುದ್ದುತ್ತದೆ, ಕಿವಿಗೆ ಸ್ವರ ಸಿಗುವುದಿಲ್ಲ. ಮಂಡಳದವರು ಸ್ಪೀಕರ್ ಸಣ್ಣದಾಯಿತೆಂದು ಮುಂದಿನ ಸಲ ದೊಡ್ಡ ಪೆಟ್ಟಿಗೆ ತರಿಸುತ್ತಾರೆ. ಗುದ್ದು ದೊಡ್ಡದಾಗುತ್ತದೆ, ಅಷ್ಟೇ.

ತಪ್ಪು ಬಹುಪಾಲು ಆಂಪಿನ (ಗಿಟಾರಿನ ಸದ್ದು ಹಿಗ್ಗಿಸುವ ಆಂಪ್ಲಿಫೈಯರಿನ) ನಾಬ್‌ಗಳಲ್ಲಿದೆ. ಗಿಟಾರಿನ ವಾಲ್ಯೂಮ್ ಪೂರ್ತಿ ತೆರೆದು, ಬೇಸ್ (ಕೆಳಗಿನ ಸ್ವರ), ಮಿಡ್ (ನಡುವಿನದು), ಟ್ರೆಬಲ್ (ಮೇಲಿನದು) ಮೂರನ್ನೂ ನಡುವಿಗೆ ತಂದು, ಒಟ್ಟು ಸದ್ದಿನ ನಾಬ್ ಆದ ಮಾಸ್ಟರ್ ಇಳಿಸಿಡಬೇಕು. ಹಾಡಿನಲ್ಲಿ ಎಷ್ಟು ಜೋರಾಗಿ ಮೀಟುತ್ತೀರೋ ಅಷ್ಟೇ ಜೋರಾಗಿ ದಪ್ಪ ತಂತಿ ಮೀಟುತ್ತ ಗೇನ್ (ಗಿಟಾರಿನಿಂದ ಆಂಪಿಗೆ ಬರುವ ಸಂಕೇತದ ನಾಬ್) ಏರಿಸಿ. ಕೆಂಪು ದೀಪ ಮಿಣುಕಿದ ಕೂಡಲೇ ಸ್ವಲ್ಪ ಹಿಂದಕ್ಕೆ ತಿರುಗಿಸಿ, ಆಮೇಲೆ ಮಾಸ್ಟರ್ ಏರಿಸಿ. ಆ್ಯಕ್ಟಿವ್ ಗಿಟಾರಾದರೆ ಒಳಗೆ ಬ್ಯಾಟರಿ ಇರುತ್ತದೆ, ಸಾಮಾನ್ಯವಾಗಿ 9 ವೋಲ್ಟಿನದು. ಅದು ಇಳಿದಾಗ ಸ್ವರ ಒಡೆಯುತ್ತದೆ, ಬೈಗುಳ ಆಂಪಿಗೆ. ಜ್ಯಾಕ್ ಚುಚ್ಚಿಟ್ಟಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಕಾರ್ಯಕ್ರಮ ಮುಗಿದೊಡನೆ ಕಿತ್ತಿಡಿ.

‘ಬೇಸ್ ಹೆಚ್ಚ ಮಾಡ್ರಿ’ ಎಂಬ ಕೂಗಿಗೆ ಎಲ್ಲರೂ ಬೇಸ್ ನಾಬನ್ನೇ ತಿರುಗಿಸುತ್ತಾರೆ. ನಾಲ್ಕು ತಂತಿಯ ಗಿಟಾರಿನ ದಪ್ಪ ತಂತಿಯ ಮೂಲ ಕಂಪನ 41 ಹರ್ಟ್ಜ್, ಅಂದರೆ ಸೆಕೆಂಡಿಗೆ 41 ಸಲ. ಸಣ್ಣ ಸ್ಪೀಕರುಗಳು ಅದನ್ನು ಸರಿಯಾಗಿ ಹೊರಡಿಸಲಾರವು. ನಾವು ಆ ಸ್ವರವನ್ನು ಗುರುತಿಸುವುದು ಹೆಚ್ಚಾಗಿ 82, 123, 164 ಹರ್ಟ್ಜಿನ ಉಪಸ್ವರಗಳಿಂದ. ಕೆಳಗಿನ ಭಾಗವನ್ನು 10 ಡೆಸಿಬೆಲ್ ಏರಿಸಿದರೆ ಅಲ್ಲಿ ಹತ್ತು ಪಟ್ಟು ವಿದ್ಯುತ್ ಶಕ್ತಿ ಬೇಕು. ಆಂಪ್ ಏದುಸಿರು ಬಿಡುತ್ತದೆ, ಸ್ಪೀಕರಿನ ಕೋನ್ (ಅದುರುವ ಪೊರೆ) ಹರಿದುಹೋಗುತ್ತದೆ. ಅದರ ಬದಲು 250 ಹರ್ಟ್ಜ್ ಸುತ್ತ 3 ಡೆಸಿಬೆಲ್ ಇಳಿಸಿ, 700-800ರ ಸುತ್ತ ಅಷ್ಟೇ ಏರಿಸಿ ನೋಡಿ: ಕೆಸರು ಕರಗಿ ಬೆರಳಿನ ಹೊಡೆತ ಕೇಳುತ್ತದೆ. ಮಿಡ್ ಪೂರ್ತಿ ಇಳಿಸಿದ ನಾದ ಮನೆಯಲ್ಲಿ ಒಬ್ಬರೇ ನುಡಿಸುವಾಗ ಚೆಂದ. ಡ್ರಮ್ಸ್, ಢೋಲಕ್, ಕೀಬೋರ್ಡ್ ಸೇರಿದಾಗ ಅದು ಎಲ್ಲಿ ಹೋಯಿತೆಂದು ಹುಡುಕಬೇಕು.

ಹಲಗೆಯ ಟೊಳ್ಳು ವೇದಿಕೆ, ಅದರ ಮೂಲೆಯಲ್ಲಿ ಆಂಪ್. ಗುಡುಗಿಗೆ ಇನ್ನೇನು ಬೇಕು? ಮೂಲೆಯಿಂದ ಮೂರು ಅಡಿ ಮುಂದಕ್ಕೆ ಎಳೆದು, ದಪ್ಪ ಫೋಮಿನ ಮೇಲಿಟ್ಟು, ತುಸು ಹಿಂದಕ್ಕೆ ವಾಲಿಸಿ. ಇಲ್ಲದಿದ್ದರೆ ನಾದ ವಾದಕನ ಮೊಣಕಾಲಿಗೆ ಕೇಳುತ್ತದೆ, ಕಿವಿಗಲ್ಲ.

ಸ್ಪೀಕರ್ ಜೋಡಿಸುವಾಗ ಆಂಪಿನ ಹಿಂದೆ ಬರೆದ ಓಮ್ (ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಅಂಕಿ ಓದಿ. 8 ಓಮಿನ ಎರಡು ಪೆಟ್ಟಿಗೆಗಳನ್ನು ಪ್ಯಾರಲಲ್ ಆಗಿ ಜೋಡಿಸಿದರೆ 4 ಓಮ್. 4ರವು ಎರಡಾದರೆ 2. ಕನಿಷ್ಠ 4 ಎಂದು ಬರೆದ ಆಂಪ್ ಆಗ ಬಿಸಿಯಾಗಿ ನಿಲ್ಲುತ್ತದೆ, ಇಲ್ಲವೇ ಸುಡುತ್ತದೆ. ಗಿಟಾರಿನ ತೆಳು ಕೇಬಲನ್ನು ಸ್ಪೀಕರಿಗೆ ಹಾಕಬೇಡಿ.

ಎಲ್ಲಕ್ಕಿಂತ ಕೆಟ್ಟ ರೂಢಿ ಇನ್ನೊಂದಿದೆ. ಗುಂಯ್ ಎನ್ನುವ ಸದ್ದು ನಿಲ್ಲಿಸಲು ಮೂರು ಪಿನ್ನಿನ ಪ್ಲಗ್ಗಿನಿಂದ ದಪ್ಪ ಅರ್ಥಿಂಗ್ ಪಿನ್ ಕಿತ್ತುಹಾಕುವುದು. ಗಿಟಾರಿನ ತಂತಿಗಳು ಕೇಬಲಿನ ಮೂಲಕ ಆಂಪಿನ ಲೋಹದ ಚೌಕಟ್ಟಿಗೆ ಸೇರಿರುತ್ತವೆ. ನಮ್ಮ ಊರಿನ ಮಳೆಗೆ ನೆನೆದ ವೇದಿಕೆ, ಕೈಯಲ್ಲಿ ತಂತಿ, ತುಟಿಗೆ ಮೈಕ್: ಆಂಪಿನಲ್ಲಿ ಸೋರಿಕೆಯಾದರೆ ಜೀವಕ್ಕೇ ಕುತ್ತು. ಆ ಸದ್ದು ಬಹಳ ಸಲ ಆಂಪ್ ಮತ್ತು ಮಿಕ್ಸರ್ ಎರಡು ಬೇರೆ ಕಡೆ ಅರ್ಥ್ ಆಗಿರುವುದರಿಂದ ಬರುತ್ತದೆ. ನಡುವೆ ಡಿಐ ಬಾಕ್ಸ್ (ಗಿಟಾರಿನ ಸಂಕೇತವನ್ನು ಮಿಕ್ಸರಿಗೆ ತಕ್ಕಂತೆ ಮಾಡಿ ಕಳಿಸುವ ಪುಟ್ಟ ಪೆಟ್ಟಿಗೆ) ಹಾಕಿ, ಸಂಕೇತದ ಕೇಬಲಿನ ಅರ್ಥ್ ನಂಟನ್ನಷ್ಟೇ ಬಿಡಿಸುವ ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ, ಎರಡಕ್ಕೂ ಒಂದೇ ಕಡೆಯಿಂದ ಕರೆಂಟ್ ಕೊಡಿ.

ಮಂಡಳದವರಲ್ಲಿ ಕೇಳುವುದಿಷ್ಟೇ: ಭಾಷಣ, ಸನ್ಮಾನಗಳಿಗೆ ಮೊದಲು ಇಪ್ಪತ್ತು ನಿಮಿಷ ಸೌಂಡ್ ಚೆಕ್‌ಗೆ ಬಿಡಿ. ಖಾಲಿ ಕುರ್ಚಿಗಳ ನಡುವೆ ಸರಿಯೆನಿಸಿದ್ದು ಜನ ತುಂಬಿದ ಮೇಲೆ ಬದಲಾಗುತ್ತದೆ. ಮೈ, ಬಟ್ಟೆ ಹೀರುವುದು ಮೇಲಿನ ಸ್ವರಗಳನ್ನು. ಗುಡುಗು ಹಾಗೇ ಉಳಿಯುತ್ತದೆ. ಆಗ ಬೇಸ್ ನಾಬನ್ನು ಇಳಿಸಬೇಕು, ಯಾರು ಎಷ್ಟೇ ಕೂಗಿದರೂ.

— ಕೆಲವು ಬೇಸ್ ವಾದಕರು, ಶಹಾಪುರ, ಬೆಳಗಾವಿ