ಮರುಬಳಕೆ ಫಾರ್ಮ್ ಅಂತ ಹೇಳಿ ಕಾಪಿ ಕೊಟ್ಟಿದೀರ, ದಯವಿಟ್ಟು ಸರಿ ಮಾಡಿಕೊಡಿ

ಸಪೋರ್ಟ್ ಟೀಮ್‌ನವರಿಗೆ ನಮಸ್ಕಾರ,

ಎಂಟ್ರಿ ಸ್ಕ್ರೀನ್ ತಯಾರು ಮಾಡೋ ನಿಮ್ಮ ಫಾರ್ಮ್ ಡಿಸೈನರ್‌ನ ಎರಡು ವರ್ಷದಿಂದ ಬಳಸ್ತಿದೀನಿ, ನಮ್ಮ ಆಫೀಸಿನ ಡೇಟಾ ಎಂಟ್ರಿ ಪೂರ್ತಿ ಅದರ ಮೇಲೇ ನಡೀತಿದೆ. ಚಾಟಲ್ಲಿ ಮೂರು ಸಲ ಹೇಳಿದ್ದಾಯ್ತು, ಪ್ರತಿ ಸಲ ಹೊಸಬರು ಬರ್ತಾರೆ, ಮತ್ತೆ ಮೊದಲಿಂದ ಹೇಳ್ಬೇಕು, ಅದಕ್ಕೆ ಈ ಸಲ ಎಲ್ಲಾ ಒಂದೇ ಕಡೆ ಬರೀತಿದೀನಿ, ಪೂರ್ತಿ ಓದಿ.

ನಾವು ಇದನ್ನ ತಗೊಂಡಿದ್ದೇ 'ಒಂದ್ಸಲ ಮಾಡಿ, ಎಲ್ಲಾ ಕಡೆ ಬಳಸಿ' ಅಂತ ನೀವು ಹೇಳಿದ ಟೆಂಪ್ಲೇಟ್ ಫೀಚರ್‌ಗೋಸ್ಕರ. ವಿಳಾಸ, ಫೋನು, ಇಮೇಲ್ ಇರೋ ಭಾಗ ಗ್ರಾಹಕರ ಫಾರ್ಮಿಗೂ ಬೇಕು, ಸಪ್ಲೈಯರ್ ಫಾರ್ಮಿಗೂ ಬೇಕು, ಸಿಬ್ಬಂದಿದಕ್ಕೂ ಬೇಕು, ಹಾಗಾಗಿ ಅದನ್ನ ಒಂದು ಟೆಂಪ್ಲೇಟ್ ಮಾಡಿ 14 ಫಾರ್ಮಿಗೆ ಎಳೆದು ಹಾಕಿದ್ವಿ. ಮೊದಮೊದಲು ತುಂಬಾ ಖುಷಿಯಾಗಿತ್ತು, ಸುಳ್ಳು ಹೇಳಲ್ಲ.

ಆಮೇಲೆ ಫೋನ್ ನಂಬರ್‌ಗೆ ದೇಶದ ಕೋಡ್ ಸೇರಿಸ್ಬೇಕು ಅಂತ ಬಂತು. ಅಂತರರಾಷ್ಟ್ರೀಯ ನಂಬರ್ ಹೆಚ್ಚಂದ್ರೆ 15 ಅಂಕಿ, ಮುಂದಿನ ಪ್ಲಸ್ ಸೇರಿದ್ರೆ 16, ಹಾಗಾಗಿ ಡೇಟಾಬೇಸ್ ಟೇಬಲ್‌ನಲ್ಲಿ ಫೋನ್ ಕಾಲಂನ ಉದ್ದ 16 ಅಕ್ಷರಕ್ಕೆ ಏರಿಸಿದೆ, ಟೆಂಪ್ಲೇಟಲ್ಲೂ ಫೋನ್ ಬಾಕ್ಸಿನ ಮಿತಿ 10 ಇದ್ದಿದ್ದನ್ನ 16 ಮಾಡಿದೆ, ಪ್ರಿವ್ಯೂ ನೋಡಿದೆ, ಸರಿಯಾಗಿತ್ತು, ಪಬ್ಲಿಷ್ ಮಾಡಿದೆ. ಮೂರು ವಾರ ಆದ್ಮೇಲೆ ಎಂಟ್ರಿ ಮಾಡೋ ನಮ್ಮ ಸಹೋದ್ಯೋಗಿ ಒಬ್ಬರು 'ಇಲ್ಲಿ ಸ್ವಲ್ಪ ಬನ್ನಿ' ಅಂತ ಕರೆದ್ರು. ಮೇಲ್‌ನಿಂದ ನಂಬರ್ ಕಾಪಿ ಮಾಡಿ ಫೋನ್ ಬಾಕ್ಸಲ್ಲಿ ಪೇಸ್ಟ್ ಮಾಡಿದ್ರು, ಕೋಡು ಪ್ಲಸ್ಸು ಎಲ್ಲಾ ಸೇರಿ 13 ಅಕ್ಷರ ಇರ್ಬೇಕಾದದ್ದು 10ಕ್ಕೇ ನಿಂತುಬಿಡ್ತು, ಕೊನೇ ಮೂರು ಅಂಕಿ ಮಾಯ. ಕೆಂಪು ಗೆರೆ ಇಲ್ಲ, ಮೆಸೇಜ್ ಇಲ್ಲ, ಸೇವ್ ಒತ್ತಿದ್ರೆ ಹಸಿರು ಟಿಕ್ ಬೇರೆ. ಅಷ್ಟರಲ್ಲಿ 612 ರೆಕಾರ್ಡ್ ಹೀಗೇ ಹೋಗಿತ್ತು. ಕಾಲಂ 16ರ ತನಕ ಒಪ್ಪುತ್ತೆ, 10 ಬಂದ್ರೆ ಅದಕ್ಕೆ ಅದೂ ಸರಿನೇ, ಡೇಟಾಬೇಸ್‌ಗೆ ತಪ್ಪು ಗೊತ್ತಾಗೋ ದಾರಿನೇ ಇಲ್ಲ. ಕತ್ತರಿಸಿ ಹೋದ ಅಂಕಿ ಎಲ್ಲೂ ಉಳಿದಿಲ್ಲ, ಹಳೇ ಮೇಲ್ ಒಂದೊಂದೇ ತೆಗೆದು ಇಬ್ಬರು ನಾಲ್ಕು ದಿನ ಕೂತು ಸರಿ ಮಾಡಿದ್ರು.

ಫಾರ್ಮ್‌ನ ಎಕ್ಸ್‌ಪೋರ್ಟ್ ಮಾಡಿ ಫೈಲ್ ತೆಗೆದು ನೋಡ್ದಾಗ ಗೊತ್ತಾಯ್ತು. ಟೆಂಪ್ಲೇಟ್ ಎಳೆದು ಬಿಟ್ಟ ತಕ್ಷಣ ನಿಮ್ಮ ಟೂಲ್ ಅದರೊಳಗಿನ ಪ್ರತಿ ಬಾಕ್ಸನ್ನೂ ಆ ಫಾರ್ಮಿನೊಳಗೆ ಹೊಸದಾಗಿ ಬರೆದುಬಿಡುತ್ತೆ, ಆಮೇಲೆ ಅದಕ್ಕೂ ಮೂಲಕ್ಕೂ ಸಂಬಂಧನೇ ಇಲ್ಲ. ಅದೇ ಫೋನ್ ಬಾಕ್ಸ್ 14 ಕಡೆ, 14 ಕಡೆನೂ 10 ಅಂತಾನೇ ಇದೆ. ಇದನ್ನ ಮರುಬಳಕೆ ಅನ್ನಲ್ಲ, ಕಾಪಿ ಪೇಸ್ಟ್ ಅಂತಾರೆ.

ನಿಮ್ಮವರು ಕೊಟ್ಟ ಪರಿಹಾರ ಏನಂದ್ರೆ ಪ್ರತಿ ಫಾರ್ಮಲ್ಲೂ ಹಳೇದನ್ನ ಡಿಲೀಟ್ ಮಾಡಿ ಮತ್ತೆ ಎಳೆದು ಹಾಕಿ ಅಂತ. ಮಾಡಿದೆ. ಬೈಂಡಿಂಗ್ (ಯಾವ ಬಾಕ್ಸ್ ಯಾವ ಕಾಲಂಗೆ ಅನ್ನೋ ಜೋಡಣೆ) ಹೋಯ್ತು, ಅದನ್ನ ಮತ್ತೆ ಕೊಟ್ಕೊಂಡೆ, ಆದ್ರೆ ಟ್ಯಾಬ್ ಆರ್ಡರ್, ಅಂದ್ರೆ ಟ್ಯಾಬ್ ಒತ್ತಿದಾಗ ಕರ್ಸರ್ ಹೋಗೋ ಕ್ರಮ, ಕೆಟ್ಟಿದ್ದು ನನಗೆ ಕಾಣಿಸ್ಲೇ ಇಲ್ಲ. ದಿನವಿಡೀ ಎಂಟ್ರಿ ಮಾಡೋರು ಸ್ಕ್ರೀನ್ ನೋಡಲ್ಲ ಸರ್, ಕಣ್ಣು ಕಾಗದದ ಮೇಲಿರುತ್ತೆ, ಬೆರಳಿಗೇ ದಾರಿ ಗೊತ್ತಿರುತ್ತೆ. ಫೋನ್ ಆದ್ಮೇಲೆ ಟ್ಯಾಬ್ ಒತ್ತಿದ್ರೆ ಇಮೇಲ್‌ಗೆ ಹೋಗ್ತಿದ್ದ ಕರ್ಸರ್ ಈಗ ಸೀದಾ ಸೇವ್ ಬಟನ್ ಮೇಲೆ ಕೂರ್ತಿತ್ತು, ಅವರು ಅಭ್ಯಾಸಬಲದಲ್ಲಿ ಎಂಟರ್ ಒತ್ತೋರು, ಅರ್ಧ ತುಂಬಿದ ರೆಕಾರ್ಡ್ ಸೇವ್ ಆಗಿಬಿಡೋದು.

ಇನ್ನೊಂದು, ಟೆಂಪ್ಲೇಟಲ್ಲಿ ಕಾಲಂ ಹೆಸರು ಗಟ್ಟಿಯಾಗಿ ಕೂತಿರುತ್ತೆ. ಸಿಬ್ಬಂದಿ ಫಾರ್ಮಲ್ಲಿ ಈಗಿನ ವಿಳಾಸ, ಖಾಯಂ ವಿಳಾಸ ಅಂತ ಒಂದೇ ಟೆಂಪ್ಲೇಟ್ ಎರಡು ಸಲ ಹಾಕಿದ್ರೆ ಎರಡೂ ಒಂದೇ ಕಾಲಂಗೆ ಅಂಟಿಕೊಳ್ಳುತ್ತೆ, ಮೇಲೆ ಟೈಪ್ ಮಾಡಿದ್ದು ಕೆಳಗೂ ಬರುತ್ತೆ. ಯಾವ ಕಾಲಂ ಅಂತ ಹೊರಗಿನ ಫಾರ್ಮಿಂದ ಹೇಳೋ ಹಾಗೆ ಇರ್ಬೇಕಲ್ವಾ.

ಇದು ಆಗದ ಕೆಲಸ ಏನಲ್ಲ. 1996ರಲ್ಲಿ ಬಂದ ಡೆಲ್ಫಿ 2 ಅನ್ನೋ ಪ್ರೋಗ್ರಾಮಿಂಗ್ ಟೂಲಲ್ಲೇ ಫಾರ್ಮ್ ಇನ್‌ಹೆರಿಟೆನ್ಸ್ (ಒಂದು ಫಾರ್ಮಿಂದ ಇನ್ನೊಂದು ಫಾರ್ಮ್ ಮಾಡೋದು) ಇತ್ತು, ಮೂಲ ಫಾರ್ಮ್ ಬದಲಾಯಿಸಿದ್ರೆ ಅದರಿಂದ ಮಾಡಿದ್ದೆಲ್ಲಾ ಬದಲಾಗ್ತಿತ್ತು, ಹಾಗೆ ಮಾಡಿದ ಫಾರ್ಮಲ್ಲಿ ನೀವೇ ಬೇರೆ ಮಾಡ್ಕೊಂಡಿದ್ದ ಸೆಟ್ಟಿಂಗ್ ಮಾತ್ರ ಹಾಗೇ ಉಳೀತಿತ್ತು. ಮೈಕ್ರೋಸಾಫ್ಟ್ ಆಕ್ಸೆಸ್ ಡೇಟಾಬೇಸ್‌ನ ಸಬ್‌ಫಾರ್ಮ್ (ಫಾರ್ಮಿನೊಳಗೆ ತೋರಿಸೋ ಇನ್ನೊಂದು ಫಾರ್ಮ್) ಕೂಡ ಒಂದೇ ಕಡೆ ಇರುತ್ತೆ, ಎಷ್ಟು ಫಾರ್ಮಲ್ಲಿ ಬೇಕಾದ್ರೂ ತೆರೆಯುತ್ತೆ.

ನಾನು ಕೇಳ್ತಿರೋದು ಇಷ್ಟು. ಟೆಂಪ್ಲೇಟ್ ಹಾಕಿದಾಗ ಮೂಲಕ್ಕೆ ಲಿಂಕ್ ಉಳೀಲಿ, ಆ ಫಾರ್ಮಿಗೆ ಮಾತ್ರ ಬೇರೆ ಬೇಕಾದದ್ದಷ್ಟೇ ಅಲ್ಲಿ ಬರೀಲಿ. ಬದಲಾಯಿಸೋ ಮೊದಲು ಇದು ಎಲ್ಲೆಲ್ಲಿ ಬಳಕೆಯಲ್ಲಿದೆ ಅಂತ ತೋರಿಸಲಿ. ಪೇಸ್ಟ್ ಮಾಡಿದ್ದು ಉದ್ದ ಜಾಸ್ತಿಯಾದ್ರೆ ಕತ್ತರಿಸ್ಬೇಡಿ, ಪೂರ್ತಿ ಇಟ್ಟು 'ಉದ್ದ ಜಾಸ್ತಿ ಇದೆ' ಅಂತ ಹೇಳಿ, ಸೇವ್ ತಡೀರಿ. ಈ ಕೊನೇದಕ್ಕೆ ದೊಡ್ಡ ರಿಲೀಸ್ ತನಕ ಕಾಯ್ಬೇಕಾಗಿಲ್ಲ, ಇದೇ ಮೊದಲು ಆಗ್ಬೇಕು, ಯಾಕಂದ್ರೆ ನಮ್ಮ ಥರ ಇನ್ನೂ ಎಷ್ಟು ಜನರ ಡೇಟಾ ಈಗಲೂ ಹೀಗೆ ಹೋಗ್ತಿದ್ಯೋ. ಲಿಂಕ್ ಕೊಡೋ ತನಕ ಸಹಾಯ ಪುಟದಲ್ಲಿ 'ಇದು ಕಾಪಿ, ಆಮೇಲೆ ಬದಲಾಗಲ್ಲ' ಅಂತ ಸ್ಪಷ್ಟವಾಗಿ ಬರೆದು ಹಾಕಿ, ಟೆಂಪ್ಲೇಟ್‌ಗೋಸ್ಕರ ನಾವು ದೊಡ್ಡ ಪ್ಲಾನಿಗೆ ಹೆಚ್ಚಿಗೆ ಕಟ್ಟಿರೋ ದುಡ್ಡು ವಾಪಸ್ ಕೊಡಿ.

ಗ್ರಾಹಕರ ಫಾರ್ಮು ಮತ್ತು ಟೆಂಪ್ಲೇಟ್ ಎರಡರದ್ದೂ ಎಕ್ಸ್‌ಪೋರ್ಟ್ ಫೈಲ್ ಜೊತೆಗೆ ಇಟ್ಟಿದೀನಿ, ಎರಡನ್ನೂ ಪಕ್ಕಪಕ್ಕ ತೆಗೆದು ನೋಡಿ. ಹಿಂದಿನ ಟಿಕೆಟ್‌ನ 'ಪರಿಹಾರವಾಗಿದೆ' ಅಂತ ಮುಚ್ಚಿದೀರ, ಅದನ್ನ ಮತ್ತೆ ತೆರೆದು, ಡಿಸೈನರ್ ಮೇಲೆ ಕೆಲಸ ಮಾಡೋರ ಹತ್ರಾನೇ ಉತ್ತರ ಕೊಡಿಸಿ.

ಇಂತಿ,
ನಿಮ್ಮ ಗ್ರಾಹಕ