ಸಭೆಯ ಸೇವೆ ಎಲ್ಲಾ ಪಾಸ್ಟರ್ ಒಬ್ರ ತಲೆ ಮೇಲೆ ಯಾಕೆ?

ಸಂಪಾದಕರಿಗೆ ನಮಸ್ಕಾರ,

ಚರ್ಚುಗಳಿಗೆ ಬರೋ ಜನ ಕಮ್ಮಿ ಆಗ್ತಿದಾರೆ ಅಂತ ನಿಮ್ಮ ಓದುಗರ ಪತ್ರಗಳಲ್ಲಿ ಸುಮಾರು ದಿನದಿಂದ ಮಾತು ನಡೀತಿದೆ. ಒಬ್ರು ಪ್ರಸಂಗ ಉದ್ದ ಆಯ್ತು ಅಂತಾರೆ, ಇನ್ನೊಬ್ರು ಹಾಡು ಹಳೇದಾಯ್ತು ಅಂತಾರೆ, ಮತ್ತೊಬ್ರು ಎಲ್ಲಾ ಮೊಬೈಲ್ ಮೇಲೆ ಹಾಕ್ತಾರೆ. ನಾನು ಲೂಥರನ್ ಸಭೆಯಲ್ಲೇ, ಅಂದ್ರೆ ಜರ್ಮನಿಯ ಧರ್ಮ ಸುಧಾರಕ ಮಾರ್ಟಿನ್ ಲೂಥರ್ ಬೋಧನೆ ಅನುಸರಿಸೋ ಚರ್ಚಿನಲ್ಲೇ, ಹುಟ್ಟಿ ಬೆಳೆದೋಳು, ಸಭೆಯ ಸೇವಾ ಕಮಿಟಿಯಲ್ಲಿ ಇದೀನಿ, ನಂಗೆ ಕಾಣೋ ಕಾರಣ ಬೇರೆ. ಸಭೆಯ ಒಳಗಿನ ಒಡನಾಟ ಇರ್ಲಿ ಹೊರಗಿನೋರ ಸೇವೆ ಇರ್ಲಿ ಎರಡನ್ನೂ ಪಾಸ್ಟರ್ ಒಬ್ರ ತಲೆ ಮೇಲೆ, ಹೆಚ್ಚಂದ್ರೆ ಒಂದು ನಾಲ್ಕೈದು ಜನರ ಕಮಿಟಿ ಮೇಲೆ ಹೊರಿಸಿಬಿಟ್ಟು ಮಿಕ್ಕೋರೆಲ್ಲ ಭಾನುವಾರ ಬಂದು, ಕೂತು, ಎದ್ದು ಮನೆಗೆ ಹೋಗ್ತಿದೀವಿ. ಹೀಗಿದ್ರೆ ಹೊಸಬರು ಯಾಕೆ ಬರ್ತಾರೆ, ಬಂದೋರು ಯಾಕೆ ಉಳೀತಾರೆ ಹೇಳಿ.

ಇದು ಲೂಥರನ್ನರಿಗೆ ಒಂಚೂರೂ ಒಪ್ಪೋ ರೀತಿ ಅಲ್ಲ. ದೀಕ್ಷಾಸ್ನಾನ ಆದ ಪ್ರತಿಯೊಬ್ರೂ ಯಾಜಕರೇ, ಪಾಸ್ಟರಿಗೆ ಇರೋದು ಒಂದು ಜವಾಬ್ದಾರಿ, ಅದ್ರಿಂದ ಅವರು ದೇವರಿಗೆ ಜಾಸ್ತಿ ಹತ್ತಿರದೋರು ಅಂತ ಏನೂ ಆಗಲ್ಲ ಅಂತ ಲೂಥರ್ 1520ರಲ್ಲೇ ಬರೆದ್ರು. ಲೂಥರ್ ಚರ್ಚಿನ ಸುಧಾರಣೆ ಶುರು ಮಾಡಿದ ನೆನಪಿಗೆ ಅಕ್ಟೋಬರ್ 31ಕ್ಕೆ ನಾವು ಪ್ರತಿ ವರ್ಷ ಸುಧಾರಣಾ ದಿನ ಆಚರಿಸ್ತೀವಿ, ಆವತ್ತಿನ ಪ್ರಸಂಗದಲ್ಲಿ ಈ ಮಾತು ಬಂದೇ ಬರುತ್ತೆ, ಆದ್ರೆ ಸೋಮವಾರ ಯಾರೋ ಆಸ್ಪತ್ರೆಗೆ ಸೇರಿದಾರೆ ಅಂತ ಗೊತ್ತಾದ ತಕ್ಷಣ "ಪಾಸ್ಟರಿಗೆ ಹೇಳಿದ್ರಾ?" ಅಂತಷ್ಟೇ ಕೇಳಿ ಸುಮ್ಮನಾಗ್ತೀವಿ.

ಈ ಬೋಧನೆ ಬರೀ ಮಾತಲ್ಲೇ ಉಳೀಬಾರ್ದು ಅಂತ ಆಗಿನ ಕಾಲದೋರೇ ಒಂದು ವ್ಯವಸ್ಥೆ ಮಾಡಿದ್ರು, ಅದನ್ನ ನಿಮ್ಮ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳ್ಬೇಕು ಅನ್ಸುತ್ತೆ. ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಲೈಸ್ನಿಗ್ ಅನ್ನೋ ಚಿಕ್ಕ ಊರಿನ ಸಭೆಯೋರು ಸೇರ್ಕೊಂಡು ಸಾಮಾನ್ಯ ನಿಧಿ ಅಂತ ಒಂದು ಪೆಟ್ಟಿಗೆ ಇಟ್ರು, 1523ರಲ್ಲಿ ಅದರ ನಿಯಮಗಳು ಅಚ್ಚಾದಾಗ ಲೂಥರ್ರೇ ಮುನ್ನುಡಿ ಬರೆದುಕೊಟ್ರು. ಪೆಟ್ಟಿಗೆಗೆ ನಾಲ್ಕು ಬೇರೆ ಬೇರೆ ಬೀಗ. ಒಂದರ ಕೀ ಕುಲೀನರ ಹತ್ರ, ಒಂದು ನಗರಸಭೆ ಹತ್ರ, ಒಂದು ಊರಿನ ಸಾಮಾನ್ಯ ಜನರ ಹತ್ರ, ನಾಲ್ಕನೇದು ಸುತ್ತಲಿನ ಹಳ್ಳಿಯ ರೈತರ ಹತ್ರ, ನಾಲ್ಕೂ ಕಡೆಯೋರು ಬಂದು ನಿಂತರೆ ಮಾತ್ರ ಪೆಟ್ಟಿಗೆ ತೆಗೆಯೋಕಾಗ್ತಿತ್ತು. ನೋಡ್ಕೊಳ್ಳೋಕೆ ಪ್ರತಿ ವರ್ಷ ಹತ್ತು ಜನರನ್ನ ಆರಿಸ್ಬೇಕು, ಅದ್ರಲ್ಲಿ ಇಬ್ಬರು ಕುಲೀನರು, ಇಬ್ಬರು ನಗರಸಭೆಯೋರು, ಮೂವರು ಊರಿನೋರು, ಮೂವರು ರೈತರು. ಅವರು ಪ್ರತಿ ಭಾನುವಾರ ಕೂತು ಯಾರಿಗೆ ಏನು ಬೇಕು ಅಂತ ನೋಡ್ಬೇಕು, ವರ್ಷಕ್ಕೊಂದ್ಸಲ ಇಡೀ ಸಭೆ ಮುಂದೆ ಲೆಕ್ಕ ಓದ್ಬೇಕು. ಪಾಸ್ಟರ್ ಸಂಬಳ, ಸ್ಕೂಲು, ವಯಸ್ಸಾದೋರು, ಅನಾಥ ಮಕ್ಕಳು, ಊರಿಗೆ ಹೊಸದಾಗಿ ಬಂದು ಬದುಕು ಕಟ್ಕೊಳ್ತಿರೋರು, ಎಲ್ಲಾ ಖರ್ಚೂ ಅದೇ ಪೆಟ್ಟಿಗೆಯಿಂದ.

ಅದೇನೂ ಸಲೀಸಾಗಿ ನಡೀಲಿಲ್ಲ. ಚರ್ಚಿನ ಆಸ್ತಿ ಬಿಟ್ಟುಕೊಡೋಕೆ ನಗರಸಭೆ ಒಪ್ಪದೆ ಜಗಳ ಆಯ್ತು, ಲೂಥರ್ ಮಧ್ಯೆ ಬಂದು ಬರೀಬೇಕಾಯ್ತು. ಆದ್ರೂ ಐನೂರು ವರ್ಷದ ಹಿಂದೆ ಒಬ್ಬ ರೈತನ ಕೈಗೆ ಚರ್ಚಿನ ಪೆಟ್ಟಿಗೆ ಕೀ ಕೊಡೋದು ಅಂದ್ರೆ ಸಣ್ಣ ಮಾತಲ್ಲ. ಇವತ್ತಿನ ಎಷ್ಟೋ ಸಭೆಗಳಲ್ಲಿ ಸೇವಾ ನಿಧಿಯಲ್ಲಿ ಎಷ್ಟು ದುಡ್ಡಿದೆ, ಕಳೆದ ವರ್ಷ ಯಾವುದಕ್ಕೆ ಹೋಯ್ತು ಅಂತ ಕೇಳಿದ್ರೆ ಟ್ರೆಷರರ್ ಬಿಟ್ಟು ಬೇರೆ ಯಾರಿಗೂ ಗೊತ್ತಿರಲ್ಲ. ಯಾರೋ ಕದ್ದಿದಾರೆ ಅಂತ ನಾನು ಹೇಳ್ತಿಲ್ಲ ದಯವಿಟ್ಟು ತಪ್ಪು ತಿಳ್ಕೋಬೇಡಿ, ಟ್ರೆಷರರ್‌ಗಳು ಪಾಪ ರಾತ್ರಿ ಕೂತು ಬಿಲ್ ಹೊಂದಿಸ್ತಾರೆ. ಆದ್ರೆ ಗೊತ್ತಿಲ್ಲದ ಲೆಕ್ಕದ ಮೇಲೆ ಯಾರಿಗೂ ನಮ್ಮದು ಅನ್ನೋ ಭಾವನೆ ಹುಟ್ಟಲ್ಲ, ಕಾಣಿಕೆ ಹಾಕಿ ಕೈ ತೊಳ್ಕೊಳ್ಳೋದೇ ಅಭ್ಯಾಸ ಆಗಿಬಿಡುತ್ತೆ.

ಇನ್ನು ಭಾನುವಾರದ ವಿಷಯ. ಲೂಥರನ್ ಆರಾಧನೆಗೆ ಒಂದು ಕ್ರಮ ಇದೆ, ಪಾಪನಿವೇದನೆ, ಬೈಬಲ್ ಪಾಠಗಳು, ವಿಶ್ವಾಸ ಪ್ರಮಾಣ, ರೊಟ್ಟಿ ದ್ರಾಕ್ಷಾರಸ ಹಂಚೋ ಕರ್ತನ ಭೋಜನ, ಎಲ್ಲಿ ನಿಲ್ಬೇಕು ಎಲ್ಲಿ ಕೂರ್ಬೇಕು ಅಂತ ನಮಗೆ ಪುಸ್ತಕ ನೋಡ್ದೇನೇ ಗೊತ್ತು. ನಂಗೆ ಈ ಕ್ರಮ ಅಂದ್ರೆ ಪ್ರಾಣ, ಅದನ್ನ ತೆಗೀಬೇಕು ಅಂತ ಖಂಡಿತ ಹೇಳಲ್ಲ. ಆದ್ರೆ ಮೊದಲ ಸಲ ಬಂದೋರ ಪಾಡು ನೋಡಿ. ಹಾಡಿನ ಪುಸ್ತಕ ಒಂದು, ಆರಾಧನೆ ಕ್ರಮದ ಪುಸ್ತಕ ಇನ್ನೊಂದು, ಯಾವ ಪುಟ ಅಂತ ಯಾರೂ ಹೇಳಲ್ಲ, ಪಕ್ಕದೋರು ಎದ್ದಾಗ ಗಡಿಬಿಡಿಯಲ್ಲಿ ಎದ್ದು ಅವರು ಕೂತ್ಮೇಲೆ ಒಂದು ಕ್ಷಣ ಲೇಟಾಗಿ ಕೂರ್ತಾರೆ, ಕರ್ತನ ಭೋಜನದ ಹೊತ್ತಿಗೆ ಹೋಗ್ಬಹುದಾ ಬೇಡ್ವಾ ಗೊತ್ತಾಗ್ದೆ ಬೆಂಚಿನ ತುದೀಲಿ ಮೊಣಕಾಲು ಸರಿಸ್ಕೊಂಡು ಬೇರೆಯೋರಿಗೆ ದಾರಿ ಬಿಟ್ಟು ತಲೆ ತಗ್ಗಿಸಿ ಕೂತಿರ್ತಾರೆ. ಆಮೇಲೆ ಹಾಲ್‌ನಲ್ಲಿ ಕಾಫಿ, ನಾವು ನಾವೇ ಗುಂಪು ಕಟ್ಕೊಂಡು ಮಾತಾಡ್ತಿರ್ತೀವಿ, ಅವರು ಕಪ್ ಹಿಡ್ಕೊಂಡು ನೋಟಿಸ್ ಬೋರ್ಡ್ ಪೂರ್ತಿ ಓದಿ ಮುಗಿಸಿ ಹೊರಟೋಗ್ತಾರೆ. ಬಾಗಿಲಲ್ಲಿ ಪಾಸ್ಟರ್ ಕೈಕುಲುಕಿರ್ತಾರೆ, ಅಷ್ಟೇ.

ಇದಕ್ಕೆ ಸ್ವಾಗತ ಸಮಿತಿ ಅಂತ ಬ್ಯಾಡ್ಜ್ ಹಾಕ್ಕೊಂಡು ನಿಲ್ಲೋದು ಏನೂ ಬೇಡ. ಹೊಸಬರ ಪಕ್ಕದಲ್ಲಿ ಹೋಗಿ ಕೂತು ಪುಸ್ತಕದ ಪುಟ ತೆಗೆದು ಕೈಗೆ ಕೊಡೋದು, ಭೋಜನಕ್ಕೆ ಯಾರು ಬರ್ಬಹುದು, ಬರೀ ಆಶೀರ್ವಾದಕ್ಕೂ ಬರ್ಬಹುದಾ ಅನ್ನೋದನ್ನ ಮೊದಲೇ ಕಿವಿಯಲ್ಲಿ ಹೇಳೋದು, ಮುಗಿದ್ಮೇಲೆ ಇನ್ನೊಬ್ರ ಹತ್ರ ಕರ್ಕೊಂಡೋಗಿ ಪರಿಚಯ ಮಾಡ್ಸೋದು. ಇದನ್ನ ಹನ್ನೆರಡು ವರ್ಷದ ಹುಡುಗೀನೂ ಮಾಡ್ಬಹುದು, ಮಾಡಿದ್ದನ್ನ ನಾನು ನೋಡಿದೀನಿ, ಆ ಹುಡುಗಿ ಪಕ್ಕ ಕೂತಿದ್ದ ಹೆಂಗಸು ಮುಂದಿನ ವಾರ ಬಂದಾಗ ಪಾಸ್ಟರನ್ನ ಕೇಳ್ಲಿಲ್ಲ, ಆ ಮಗು ಎಲ್ಲಿ ಅಂತ ಹುಡುಕಿದ್ಲು.

ಮನೆಯಲ್ಲೇ ಉಳಿದುಬಿಟ್ಟ ಹಿರಿಯರದ್ದು ಇನ್ನೊಂದು ಸಂಕಟ. ನಲವತ್ತು ಐವತ್ತು ವರ್ಷ ಕ್ವಾಯರ್‌ನಲ್ಲಿ ಹಾಡಿದೋರು, ಸಂಡೇ ಸ್ಕೂಲ್ ನಡೆಸಿದೋರು, ಕಾಲು ಬಿದ್ದುಹೋದ ಮೇಲೆ ಪ್ರಾರ್ಥನೆ ಲಿಸ್ಟ್‌ನಲ್ಲಿ ಒಂದು ಹೆಸರು ಅಷ್ಟೇ ಆಗ್ತಾರೆ. ಪಾಸ್ಟರ್ ಕರ್ತನ ಭೋಜನಕ್ಕೆ ಅಂತ ಒಂದು ಚಿಕ್ಕ ಪೆಟ್ಟಿಗೆಯಲ್ಲಿ ರೊಟ್ಟಿ ದ್ರಾಕ್ಷಾರಸ ತಗೊಂಡು ತಿಂಗಳಿಗೊಮ್ಮೆ ಹೋಗ್ತಾರೆ, ಹದಿನೈದು ನಿಮಿಷ ಕೂತು ಇನ್ನೊಂದು ಮನೆಗೆ ಓಡ್ಬೇಕು. ನಾನು ಒಬ್ರು ಅಜ್ಜಿ ಮನೆಗೆ ಹೋಗ್ತಿರ್ತೀನಿ, ಅವರಿಗೆ ಕಿವಿ ಪೂರ್ತಿ ಹೋಗಿದೆ, ಮಾತಾಡೋಕಾಗಲ್ಲ, ಹಾಗಾಗಿ ದೊಡ್ಡ ಅಕ್ಷರದಲ್ಲಿ ಹಾಡು ಬರೆದ ಹಾಳೆ ತಗೊಂಡೋಗ್ತೀನಿ. ಅವರು ಹಾಳೆ ನೋಡ್ತಾ ಆಲ್ಟೋ, ಅಂದ್ರೆ ಹೆಂಗಸರ ತಗ್ಗು ದನಿಯ ಭಾಗ ಹಾಡ್ತಾರೆ, ಮೇಲಿನ ರಾಗ ಅಲ್ಲ, ಕ್ವಾಯರ್‌ನಲ್ಲಿ ಹಾಡ್ತಿದ್ರಲ್ಲ ಅದೇ ಆಲ್ಟೋ, ಬೆರಳಲ್ಲಿ ಮಂಚದ ಅಂಚಿಗೆ ತಾಳ ಹಾಕ್ತಾ. ಕ್ವಾಯರ್‌ನಲ್ಲಿ ಇವತ್ತು ಹಾಡ್ತಿರೋ ಹುಡುಗರು ಇಬ್ಬರು ಅಲ್ಲಿಗೆ ಬಂದು ಕೂತ್ರೆ ಅವರಿಗೂ ಎಷ್ಟು ಕಲಿಯೋದಿದೆ! ಲಿಸ್ಟ್‌ನ ಹೆಸರುಗಳನ್ನ ಸಭಿಕರ ಮಧ್ಯೆ ಹಂಚಿದ್ರೆ ಒಬ್ಬೊಬ್ರಿಗೆ ಒಂದೇ ಮನೆ ಬರುತ್ತೆ, ಒಂದು ಮನೆ ಯಾರಿಗೂ ಭಾರ ಅಲ್ಲ.

ಈಗ ಹೊರಗಿನ ಸೇವೆ. ನಿಮ್ಮ ಪತ್ರಿಕೆಯಲ್ಲಿ ಒಬ್ರು ಓದುಗರು ಚರ್ಚಿನ ಸಹಾಯದ ಹಿಂದೆ ಏನೋ ಉದ್ದೇಶ ಇರುತ್ತೆ ಅಂತ ಬರೆದಿದ್ರು. ಅವರ ಅನುಮಾನಕ್ಕೆ ನಾನು ಕೋಪ ಮಾಡ್ಕೊಳ್ಳಲ್ಲ, ನೇರವಾಗೇ ಉತ್ತರ ಕೊಡ್ತೀನಿ. ಲೂಥರನ್ ಬೋಧನೆಯ ತಿರುಳೇ ರಕ್ಷಣೆ ಕೃಪೆಯಿಂದ ಸಿಗುತ್ತೆ, ನಾವು ಸಂಪಾದಿಸೋ ಹಾಗಿಲ್ಲ ಅನ್ನೋದು. ಒಳ್ಳೇ ಕೆಲಸ ಮಾಡಿ ದೇವರ ಹತ್ರ ಲೆಕ್ಕ ಬರೆಸ್ಕೊಳ್ಳೋದು ಏನೂ ಇಲ್ಲ ಅಂದ್ಮೇಲೆ ಆ ಕೆಲಸ ಪೂರ್ತಿ ನೆರೆಯೋನಿಗೇ ಸೇರಿದ್ದು, ಅವನು ಯಾರು, ಏನು ನಂಬ್ತಾನೆ ಅಂತ ಕೇಳೋ ಹಕ್ಕು ನಮಗಿಲ್ಲ. ಪುಕ್ಕಟೆ ಸಿಕ್ಕಿದ್ದನ್ನ ಷರತ್ತು ಹಾಕಿ ಕೊಟ್ರೆ ನಾವು ನಂಬಿರೋದನ್ನ ನಾವೇ ಸುಳ್ಳು ಮಾಡಿದ ಹಾಗೆ. ಸುವಾರ್ತೆ ಹೇಳ್ಬಾರ್ದು ಅಂತಲ್ಲ, ಕೇಳಿದೋರಿಗೆ ಸಂತೋಷವಾಗಿ ಹೇಳೋಣ, ಆದ್ರೆ ಹಸಿದೋರ ತಟ್ಟೆ ಅದಕ್ಕೆ ಕಾಯಬಾರ್ದು.

ಬಾಗಿಲು ನಿಜವಾಗ್ಲೂ ತೆರೆದಿಟ್ರೆ ಏನಾಗುತ್ತೆ ಅನ್ನೋದಕ್ಕೆ ಲೈಪ್‌ಜಿಗ್‌ನ ಸೇಂಟ್ ನಿಕೋಲಸ್ ಚರ್ಚ್ ನೆನಪು ಮಾಡ್ಕೊಳ್ಳಿ. ಪೂರ್ವ ಜರ್ಮನಿಯ ಕಾಲ, 1982ರಿಂದ ಪ್ರತಿ ಸೋಮವಾರ ಅಲ್ಲಿ ಶಾಂತಿಗಾಗಿ ಪ್ರಾರ್ಥನೆ ನಡೀತಿತ್ತು, ಕೆಲವು ಸಲ ಬೆರಳೆಣಿಕೆ ಜನ ಅಷ್ಟೇ. ಎಲ್ಲರಿಗೂ ತೆರೆದಿದೆ ಅನ್ನೋದು ಆ ಚರ್ಚಿನ ಮಾತು. 1989 ಅಕ್ಟೋಬರ್ 9ನೇ ತಾರೀಕು ಸೋಮವಾರ, ಪ್ರಾರ್ಥನೆಗೆ ಬರೋರಿಗೆ ಜಾಗ ಸಿಗ್ಬಾರ್ದು ಅಂತ ಆಳೋ ಪಕ್ಷದ ನೂರಾರು ಜನ ಮಧ್ಯಾಹ್ನವೇ ಬಂದು ಬೆಂಚು ತುಂಬ್ಕೊಂಡ್ರು. ಪಾಸ್ಟರ್ ಕ್ರಿಸ್ಟಿಯನ್ ಫ್ಯೂರರ್ ಅವರನ್ನ ಹೊರಗೆ ಕಳಿಸ್ಲಿಲ್ಲ, ಅವರಿಗೂ ಸ್ವಾಗತ ಹೇಳಿದ್ರು. ಅವರೂ ಕೂತು ಸುವಾರ್ತೆ ಕೇಳಿದ್ರು. ಆ ಸಂಜೆ ಊರಿನ ಬೀದಿಯಲ್ಲಿ ಸರ್ಕಾರದ ವಿರುದ್ಧ ಸುಮಾರು 70,000 ಜನ ಮೆರವಣಿಗೆ ನಡೆದ್ರು, ಒಂದು ಗುಂಡೂ ಹಾರಲಿಲ್ಲ, ಒಂದು ತಿಂಗಳಲ್ಲಿ ಬರ್ಲಿನ್ ಗೋಡೆ ತೆರೀತು. ಬೆರಳೆಣಿಕೆ ಜನ ಇದ್ದಾಗ್ಲೂ ಬಾಗಿಲು ಹಾಕದೆ ಏಳು ವರ್ಷ ಪ್ರಾರ್ಥನೆ ಮುಂದುವರಿಸಿದ್ರಲ್ಲ, ಅದು ಇಲ್ದಿದ್ರೆ ಆವತ್ತು ಜನ ಬಂದು ಸೇರೋಕೆ ಅಲ್ಲಿ ಜಾಗವೇ ಇರ್ತಿರ್ಲಿಲ್ಲ.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರ, ಅಂದ್ರೆ ಅಡ್ವೆಂಟ್ ಕಾಲದಲ್ಲಿ, ಕ್ಯಾಂಡಲ್ ಹಚ್ಚೋ ಅಡ್ವೆಂಟ್ ಹಾರವನ್ನೂ ನೋಡಿ, ಈಗ ಎಲ್ಲಾ ಕಡೆ ಅಲಂಕಾರಕ್ಕೆ ಇಡ್ತಾರೆ. ಅದು ಶುರುವಾಗಿದ್ದೇ ಸೇವೆಯಿಂದ. ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಶ್ ವಿಖರ್ನ್ ಅನ್ನೋ ಲೂಥರನ್ ಬೋಧಕರು 1833ರಲ್ಲಿ ದಿಕ್ಕಿಲ್ಲದ ಮಕ್ಕಳಿಗೆ ಒಂದು ಆಶ್ರಮ ಶುರು ಮಾಡಿದ್ರು, ಮಕ್ಕಳನ್ನ ಒಂದೇ ದೊಡ್ಡ ಹಾಲ್‌ನಲ್ಲಿ ತುಂಬದೆ ಸಣ್ಣ ಸಣ್ಣ ಕುಟುಂಬಗಳ ಹಾಗೆ ಇಟ್ರು. ಕ್ರಿಸ್‌ಮಸ್ ಯಾವಾಗ, ಯಾವಾಗ ಅಂತ ಆ ಮಕ್ಕಳು ಕೇಳ್ತಾನೇ ಇದ್ರಂತೆ, ಅದಕ್ಕೆ 1839ರಲ್ಲಿ ಒಂದು ಚಕ್ರದ ಮೇಲೆ ಭಾನುವಾರಗಳಿಗೆ ದೊಡ್ಡ ಕ್ಯಾಂಡಲ್ಲು, ವಾರದ ದಿನಗಳಿಗೆ ಚಿಕ್ಕ ಕ್ಯಾಂಡಲ್ಲು ನಿಲ್ಲಿಸಿ ದಿನಕ್ಕೊಂದು ಹಚ್ಚಿಸಿದ್ರು. ನಮ್ಮ ಈಗಿನ ಹಾರಗಳಲ್ಲಿ ಭಾನುವಾರದ ನಾಲ್ಕು ಮಾತ್ರ ಉಳಿದಿವೆ, ವಾರದ ದಿನದ ಚಿಕ್ಕವು ಹೋಗಿಬಿಟ್ಟಿವೆ, ನಂಗೆ ಅದು ತುಂಬಾ ಬೇಜಾರಿನ ವಿಷಯ.

ಒಂದು ಪ್ರಸ್ತಾಪ ಇದೆ, ಬೇರೆ ಸಭೆಗಳ ಓದುಗರೂ ನಿಮ್ಮ ಪತ್ರಿಕೆ ಓದ್ತಾರೆ ಅಂತ ಇಲ್ಲಿ ಬರೀತಿದೀನಿ. ಸೇವಾ ಕಮಿಟಿಯಲ್ಲಿ ಕನಿಷ್ಠ ಎರಡು ಸೀಟು ಸಹಾಯ ಪಡೆದಿರೋರಿಗೆ ಕೊಡಿ, ಅವರು ಸಭೆಯ ಸದಸ್ಯರಲ್ಲದಿದ್ರೂ ಸರಿ, ಲೈಸ್ನಿಗ್‌ನ ರೈತನಿಗೆ ಕೊಟ್ಟ ಹಾಗೆ ನಿಧಿಯ ಲೆಕ್ಕ ನೋಡೋ ಹಕ್ಕೂ ಸೇರಿಸಿ ಕೊಡಿ. ಯಾವ ಮನೆಗೆ ಬಾಡಿಗೆ ಅರ್ಜೆಂಟು, ಯಾರಿಗೆ ಬಟ್ಟೆಗಿಂತ ಔಷಧಿ ಬೇಕು, ಯಾರು ನಾಚಿಕೆಯಿಂದ ಕೇಳ್ತಿಲ್ಲ ಅನ್ನೋದು ಅವರಿಗೆ ಗೊತ್ತಿರೋ ಹಾಗೆ ನಮಗೆ ಗೊತ್ತಿರಲ್ಲ. ಮುಂದಿನ ವಾರ್ಷಿಕ ಸಭೆಯ ಅಜೆಂಡಾದಲ್ಲಿ ಇದನ್ನ ಸೇರಿಸಿ ಅಂತ ನಮ್ಮ ಕಮಿಟಿಗೂ ಲಿಖಿತವಾಗಿ ಕೊಟ್ಟಿದೀನಿ. ಒಪ್ಪಿಗೆ ಆದ್ರೆ ಮೊದಲ ಮೀಟಿಂಗ್ ಯಾವ ಹೊತ್ತಿಗೆ ಇಟ್ಕೊಳ್ಳೋದು ಅಂತ ಆ ಇಬ್ಬರನ್ನೇ ಮೊದಲು ಕೇಳಿ, ಶಿಫ್ಟ್ ಕೆಲಸ ಮಾಡೋರಿಗೆ ಭಾನುವಾರ ಬೆಳಗ್ಗೆ ರಜೆ ಇರಲ್ಲ.

ಇತಿ,
ಲೂಥರನ್ ಸಭೆಯ ಒಬ್ಬ ಸದಸ್ಯೆ