ಮುಯ್ಯಿ ಪುಸ್ತಕದಲ್ಲಿ ಎರಡು ಟೆಸ್ಟ್

ನಮ್ಮ ಕನ್ನಡ ಬಳಗದ ಪತ್ರಿಕೆಯ ಸಂಚಿಕೆ ನಾಳೆ ಬೆಳಗ್ಗೆ ಹೋಗಲೇಬೇಕು, ಈಗ ರಾತ್ರಿ ಹನ್ನೊಂದೂವರೆ. ರಾಜ್ಯೋತ್ಸವದ ಬಗ್ಗೆ ಬರೆಯೋಣ ಅಂತ ಕೂತವನಿಗೆ ಮಗಳು ಮಲಗುವ ಮುಂಚೆ ಕೇಳಿದ ಮಾತೇ ತಲೆಯಲ್ಲಿ ಕೊರೆಯುತ್ತಿದೆ: “ಅಪ್ಪ, ನಮ್ಮ ಬವುಮಾ ಟೀಮು ಟೆಸ್ಟ್ ಚಾಂಪಿಯನ್ ಅಲ್ವಾ? ಇಂಡಿಯಾದಲ್ಲಿ ಎರಡೇ ಟೆಸ್ಟ್ ಯಾಕೆ?” ಬವುಮಾ ದಕ್ಷಿಣ ಆಫ್ರಿಕಾದ ನಾಯಕ; ಅವನ ಟೀಮನ್ನು ‘ನಮ್ಮ’ ಅಂದಳಲ್ಲ, ಆ ಸಂಕಟ ಬೇರೆ. ಜೋಹಾನ್ಸ್‌ಬರ್ಗಿನಲ್ಲಿ ಹುಟ್ಟಿದವಳು, ಇನ್ನೇನು ಅಂದಾಳು.

ಮೊದಲನೆಯದು ಇದೇ 2025ರ ನವೆಂಬರ್ 14ರಿಂದ ಈಡನ್ ಗಾರ್ಡನ್ಸ್‌ನಲ್ಲಿ. ಆ ಹೆಸರು ಕಿವಿಗೆ ಬಿದ್ದರೆ ನನಗೆ ಕಾಣುವುದು ಕೋಲ್ಕತ್ತ ಅಲ್ಲ, ತಿಪಟೂರು.

1991ರ ನವೆಂಬರ್ 10, ಭಾನುವಾರ. ಚಿಕ್ಕಪ್ಪನ ಮನೆಯ ಗೃಹಪ್ರವೇಶ. ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ, ಟೀವಿ ಹಳೇ ಮನೆಯಲ್ಲೇ ಉಳಿದಿತ್ತು. ಪಡಸಾಲೆಯಲ್ಲಿ ಸೋದರಮಾವ ಮುಯ್ಯಿ ಬರೆಯಲು ಕೂತಿದ್ದ, ಕವರ್ ಹರಿದು ಕೊಡುವ ಕೆಲಸ ನನ್ನದು. ವೀಳ್ಯದೆಲೆ ತಟ್ಟೆಯ ಮರೆಯಲ್ಲಿ ಅವನ ಟ್ರಾನ್ಸಿಸ್ಟರ್, ಅದರಲ್ಲಿ ಈಡನ್ ಗಾರ್ಡನ್ಸ್‌ನ ಏಕದಿನದ ಕಾಮೆಂಟರಿ. ವರ್ಣಭೇದ ನೀತಿಗಾಗಿ 21 ವರ್ಷ ಜಾತಿಯಿಂದ ಹೊರಗಿಟ್ಟಂತಿದ್ದ ದಕ್ಷಿಣ ಆಫ್ರಿಕಾ, ಕ್ಲೈವ್ ರೈಸ್ ನಾಯಕತ್ವದಲ್ಲಿ ಮೊದಲು ಆಡಲು ಬಂದದ್ದು ನಮ್ಮಲ್ಲಿಗೆ. ಮಾವ ಗಲ್ಫಿಗೆ ಹೋಗಿ ಬಂದವನು. ಅವನ ಪಾಸ್‌ಪೋರ್ಟಿನಲ್ಲಿ ಆ ದೇಶವೊಂದನ್ನು ಬಿಟ್ಟು ಅಂತ ಅಚ್ಚಾಗಿತ್ತು. 1974ರ ಡೇವಿಸ್ ಕಪ್ ಟೆನಿಸ್ ಫೈನಲ್ಲನ್ನೇ ಆಡದೆ ಅವರಿಗೆ ಬಿಟ್ಟುಕೊಟ್ಟವರು ನಾವು. ಅಂಥ ನಾವೇ ವಿಶ್ವ ಕ್ರಿಕೆಟ್ ಮಂಡಳಿ ಐಸಿಸಿಯಲ್ಲಿ ಅವರ ಪರ ನಿಂತು ಬಾಗಿಲು ತೆಗೆಸಿದ್ದೆವು. ಒಂದು ಕೊಳಗ, ಇಪ್ಪತ್ತೊಂದು ರೂಪಾಯಿ ಅಂತ ಬರೆಯುತ್ತಲೇ ಮಾವ ಅಂದ: “ಇದೂ ಮುಯ್ಯಿನೇ ಕಣೋ. ಯಾವತ್ತೋ ತಿರುಗಿ ಬರುತ್ತೆ ನೋಡ್ತಿರು.”

ಬಂತು. 2001ರಲ್ಲಿ ಪೋರ್ಟ್ ಎಲಿಜಬೆತ್ ಟೆಸ್ಟಿನಲ್ಲಿ ರೆಫರಿ ಮೈಕ್ ಡೆನಿಸ್ ನಮ್ಮ ಆರು ಜನರಿಗೆ ಶಿಕ್ಷೆ ಹಾಕಿದಾಗ, ನಮ್ಮ ಮಂಡಳಿಯ ಅಧ್ಯಕ್ಷ ದಾಲ್ಮಿಯಾ ಹಟ ಹಿಡಿದರು: ಮುಂದಿನ ಟೆಸ್ಟಿಗೆ ಆತ ಬೇಡ. ದಕ್ಷಿಣ ಆಫ್ರಿಕಾ ಮಂಡಳಿ ಐಸಿಸಿಯನ್ನು ಎದುರು ಹಾಕಿಕೊಂಡು ನಮ್ಮ ಜೊತೆ ನಿಂತಿತು. ಸೆಂಚುರಿಯನ್‌ನಲ್ಲಿ ಅವರು ಇನಿಂಗ್ಸ್ ಅಂತರದಿಂದ ಗೆದ್ದರೂ ಐಸಿಸಿ ಆ ಪಂದ್ಯವನ್ನು ಟೆಸ್ಟ್ ದಾಖಲೆಗೆ ಸೇರಿಸಲಿಲ್ಲ. ಗೆದ್ದ ಟೆಸ್ಟನ್ನೇ ಮುಯ್ಯಿಗೆ ಇಟ್ಟಂತಾಯಿತು.

ಆಮೇಲೆ ಲೆಕ್ಕ ಕೆಟ್ಟಿತು. 2013ರಲ್ಲಿ ಅವರು ಹಾರೂನ್ ಲೋರ್ಗಟ್‌ರನ್ನು ಮುಖ್ಯ ಕಾರ್ಯನಿರ್ವಾಹಕರನ್ನಾಗಿ ಮಾಡಿದ್ದು ನಮ್ಮ ಮಂಡಳಿಗೆ ಹಿಡಿಸಲಿಲ್ಲ. ಮೂರು ಟೆಸ್ಟ್, ಏಳು ಏಕದಿನ ಅಂತ ಇದ್ದ ನಮ್ಮ ಪ್ರವಾಸ ಎರಡು ಟೆಸ್ಟ್, ಮೂರು ಏಕದಿನಕ್ಕೆ ಇಳಿಯಿತು. ಮರುವರ್ಷ ಭಾರತ, ಇಂಗ್ಲೆಂಡ್, ಆಸ್ಟ್ರೇಲಿಯಾ ಸೇರಿ ಐಸಿಸಿಯ ದುಡ್ಡು, ಅಧಿಕಾರ ಹಂಚಿಕೊಳ್ಳಲು ಹೊರಟಾಗ ಮೊದಲು ವಿರೋಧಿಸಿದ ದಕ್ಷಿಣ ಆಫ್ರಿಕಾವೇ ಫೆಬ್ರವರಿ ಹೊತ್ತಿಗೆ ಒಪ್ಪಿಗೆಯ ಕೈ ಎತ್ತಿತು. ಎತ್ತದೆ ಏನು ಮಾಡೀತು? ಭಾರತ ಬಂದರೆ ಅವರ ಒಲೆ ಉರಿಯುತ್ತದೆ. ಇವತ್ತು ಇಲ್ಲಿಯ ಟಿ20 ಲೀಗ್ ಎಸ್‌ಎ20ಯ ಆರೂ ತಂಡಗಳು ಐಪಿಎಲ್ ಮಾಲೀಕರ ಕೈಯಲ್ಲಿವೆ. 2024ರಲ್ಲಿ ಮುಖ್ಯ ಆಟಗಾರರನ್ನು ಆ ಟೂರ್ನಿಗೆ ಉಳಿಸಿಕೊಂಡು ನ್ಯೂಜಿಲೆಂಡಿಗೆ ಏಳು ಹೊಸಬರಿದ್ದ ಟೆಸ್ಟ್ ತಂಡ ಕಳಿಸಿದರು. ನಾನು ಭಾರತದವನೇ, ಆದರೂ ಹೇಳುತ್ತೇನೆ: ನಾವು ದೊಡ್ಡ ಮನೆಯವರಾದೆವು, ದೊಡ್ಡತನ ಕಾಣಲಿಲ್ಲ. ಇದನ್ನೆಲ್ಲ ಮಗಳಿಗೆ ಹೇಳಲಿಲ್ಲ. “ಟೈಮಿಲ್ಲ ಪುಟ್ಟಿ, ಮಲಗು” ಅಂದೆ.

ಅಯ್ಯೋ, ಪ್ರಕಟಣೆಗಳು. ರಾಜ್ಯೋತ್ಸವ ನವೆಂಬರ್ 29ರ ಶನಿವಾರ ಸಂಜೆ 4ಕ್ಕೆ. ನಾಟಕದ ತಾಲೀಮಿಗೆ ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಕಳಿಸಿ. ಬಿಸಿಬೇಳೆಬಾತ್‌ಗೆ ಇನ್ನೂ ಇಬ್ಬರು ಬೇಕು. ಕನ್ನಡ ತರಗತಿ ಈ ಭಾನುವಾರ ಇಲ್ಲ, ಮೇಷ್ಟ್ರೇ ಊರಿಗೆ ಹೊರಟಿದ್ದಾರೆ. ಜನವರಿಯಿಂದ ಈ ಪತ್ರಿಕೆಯನ್ನು ಯಾರಾದರೂ ವಹಿಸಿಕೊಳ್ಳಿ, ದಮ್ಮಯ್ಯ. ಆರು ವರ್ಷವಾಯಿತು, ಪುಟ ಕಟ್ಟುವುದನ್ನು ನಾನೇ ಕೂತು ಕಲಿಸಿಕೊಡುತ್ತೇನೆ. ಬರುವಾಗ ಮಡಿಸುವ ಕುರ್ಚಿ ತನ್ನಿ. ಯುಗಾದಿಯಲ್ಲಿ ಬಿಟ್ಟುಹೋದ ಕುಕ್ಕರ್ ಮುಚ್ಚಳ ಎರಡು ನಮ್ಮನೆಯಲ್ಲೇ ಇವೆ, ಯಾರದ್ದು ಹೇಳಿ.